ಅಪ್ಪನ ಕೈ, ಅವ್ವನ ಅರ್ಧ ಸುತ್ತು

ನಮ್ಮಪ್ಪ ಸುಡುಸುಡುವ ಮುದ್ದೆಯನ್ನು ಆರಲು ಬಿಡದೆ ಕೈಗೆತ್ತಿಕೊಳ್ಳುತ್ತಿದ್ದ. ಆಗಷ್ಟೇ ಕಟ್ಟಿದ ಮುದ್ದೆಗೆ ನಾನೂ ನನ್ನ ತಮ್ಮನೂ ಬೆರಳು ತಾಕಿಸಿ ಕೈ ಒದರಿಕೊಳ್ಳುತ್ತಿದ್ದರೆ, ಅವನು ಇಡೀ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು, ಮುರಿದು, ಉಪ್ಪುಸಾರಿಗೆ ಅದ್ದಿ ನುಂಗುತ್ತಿದ್ದ. ಬಾಯಿ ಸುಟ್ಟಾಗ ಹಾ ಹಾ ಎಂದು ನೀರು ಕುಡಿಯುವನು. ಕೈ ಸುಟ್ಟಿತು ಎಂದು ಮಾತ್ರ ಯಾವತ್ತೂ ಅಂದವನಲ್ಲ. ಅದು ನನಗೆ ದೊಡ್ಡ ಹೆಮ್ಮೆಯಾಗಿತ್ತು. ನಮ್ಮಪ್ಪ ಓಡಿ ಬಂದ ಗಾಡಿಯ ಇಂಜಿನ್ನನ್ನು ಬರಿಗೈಯಲ್ಲಿ ಮುಟ್ಟುತ್ತಾನೆ, ಅವನ ಕೈ ಕಬ್ಬಿಣದ್ದು ಎಂದು ಸ್ಕೂಲಿನಲ್ಲಿ ಕೊಚ್ಚಿಕೊಂಡು ತಿರುಗಿದ್ದೇನೆ. ಹೀಗಿರುವಾಗ ಒಂದು ಬೆಳಿಗ್ಗೆ ಅಪ್ಪ ಒಲೆಯ ಮುಂದೆ ಕೂತು ಅವ್ವನ ಜೊತೆ ಏನೋ ಮಾತಾಡುತ್ತಿದ್ದ. ಮಾಂಸ ಸುಟ್ಟ ವಾಸನೆ ಬಂತು. ಅಪ್ಪನೇ ಮೂಗು ಏರಿಸಿ, 'ಏನೋ ಸೀಯ್ತಾ ಅದೆ ನೋಡು' ಎಂದ. ಅವ್ವ ನೋಡಿದಳು. ಒಲೆಯಿಂದ ಹೊರಗೆ ಉರುಳಿದ್ದ ಕೆಂಡದ ಮೇಲೆ ಅಪ್ಪನ ಬಲಗೈಯ ಕಿರುಬೆರಳು ಊರಿಕೊಂಡಿತ್ತು. ಅವ್ವ ಕಿರುಚಲಿಲ್ಲ. ಆ ಕೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡು, ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಅವತ್ತಿನಿಂದ ಅಪ್ಪನ ಮುದ್ದೆಯನ್ನು ಅವಳೇ ಮುರಿದು, ಆರಿಸಿ, ತಟ್ಟೆಗೆ ಹಾಕತೊಡಗಿದಳು.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ನಮ್ಮದು ಉದ್ದಕ್ಕೆ ಚಾಚಿಕೊಂಡ, ಅಗಲವಿಲ್ಲದ ಮನೆ. ಬೀದಿಗೆ ತೆರೆಯುವ ಮುಂದಿನ ಕೋಣೆಯಲ್ಲಿ ಗುಂಡಿ ಮಗ್ಗ. ಅವ್ವ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಸೊಂಟದಿಂದ ಮೇಲಷ್ಟೇ ಕಾಣುತ್ತಿದ್ದಳು. ಅವಳ ಪಕ್ಕದಲ್ಲಿ ನಾನು ರಾಟೆಯ ಮುಂದೆ ಕೂತು ಲಾಳಿಯೊಳಗಿಡುವ ಕಂಡಿಕೆಗೆ ಎಳೆ ಸುತ್ತಬೇಕು. ನಡುವೆ ಊಟಕ್ಕೆ ಕೂರುವ ನಡುಮನೆ, ಅದರ ಹಿಂದೆ ಕತ್ತಲೆಯ ಅಡುಗೆಮನೆ. ಅದನ್ನು ದಾಟಿದರೆ ಹಿತ್ತಿಲು, ಹಿತ್ತಿಲಿಗೆ ತಗಡಿನ ಶೆಡ್ಡು, ಶೆಡ್ಡಿಗೆ ಹಿಂದಿನ ಓಣಿಯಿಂದ ಗಾಡಿ ಬರುವಷ್ಟು ಅಗಲದ ಬಾಗಿಲು. ಮುಂದೆ ರೇಷ್ಮೆ, ಹಿಂದೆ ಗ್ರೀಸು. ಗ್ರೀಸಿನ ಕೈಯಲ್ಲಿ ಅಪ್ಪ ನಡುಮನೆಯ ಹೊಸಿಲು ದಾಟಿ ಮುಂದೆ ಬರುವ ಹಾಗಿರಲಿಲ್ಲ. ಬಂದರೆ ಅವ್ವ ಲಾಳಿಯನ್ನೇ ಎತ್ತಿ ತೋರಿಸುತ್ತಿದ್ದಳು. ಅಪ್ಪನೂ ಮಗ್ಗದ ಮನೆಯಲ್ಲೇ ಹುಟ್ಟಿದವನು. ಆದರೆ ಹುಡುಗನಾಗಿದ್ದಾಗಲೇ ಬಸ್ಸಿನ ಕ್ಲೀನರಾಗಿ ಓಡಿಹೋಗಿ, ಮೈಸೂರಿನಲ್ಲಿ ರಿಪೇರಿ ಕಲಿತು, ಮೀಸೆ ಬಂದ ಮೇಲೆ ವಾಪಸಾಗಿದ್ದ. ಯಳಂದೂರು, ಅಗರ, ಹನೂರು, ಕೌದಳ್ಳಿಯವರೆಗೂ ಜೀಪು, ಪಿಕಪ್ಪು ಇಟ್ಟುಕೊಂಡವರಿಗೆ ಸ್ಟೇರಿಂಗ್ ಕೆಲಸ ಎಂದರೆ ನಮ್ಮಪ್ಪ ಚೌಡಯ್ಯನೇ.

ಸ್ಟೇರಿಂಗಿನ ಕೆಲಸದಲ್ಲಿ ನಾಜೂಕಿನದು ಬಾಲ್ ಜಾಯಿಂಟು. ಚಕ್ರವನ್ನು ತಿರುಗಿಸುವ ಉದ್ದ ರಾಡಿನ ತುದಿಯಲ್ಲಿ ನಿಂಬೆಕಾಯಿಗಿಂತ ಸಣ್ಣದೊಂದು ಉಕ್ಕಿನ ಗುಂಡು. ಅದರ ಎರಡು ಕಡೆಗೂ ಉಕ್ಕಿನ ಬಟ್ಟಲು. ನಮ್ಮ ರಸ್ತೆಗಳಲ್ಲಿ ಅದು ಬೇಗ ಸವೆಯುತ್ತಿತ್ತು. ಸವೆದರೆ ಗಾಡಿ ಕುಡಿದವನ ಹಾಗೆ ಆ ಕಡೆ ಈ ಕಡೆ ಎಳೆಯುತ್ತದೆ. ಆಗ ಹಳೆಯದನ್ನು ಬಡಿದು ತೆಗೆದು, ಹೊಸ ಗುಂಡು, ಹೊಸ ಬಟ್ಟಲು ಕೂರಿಸಿ, ಗ್ರೀಸು ತುಂಬಿ, ಮುಚ್ಚಳವನ್ನು ದಪ್ಪ ಸ್ಕ್ರೂಡ್ರೈವರಿನಲ್ಲಿ ಬಿಗಿಮಾಡಬೇಕು. ಇಷ್ಟನ್ನು ಯಾರಾದರೂ ಮಾಡಬಹುದು. ಆಮೇಲಿನದು ಕೈಯ ಲೆಕ್ಕ. ಮುಚ್ಚಳ ತಳ ಮುಟ್ಟಿ ನಿಂತದ್ದು ಬೆರಳಿಗೆ ತಿಳಿಯಬೇಕು. ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ಬಿಟ್ಟು, ಪಿನ್ನಿನ ತೂತಿಗೆ ಸರಿಯಾಗಿ ನಿಲ್ಲಿಸಿ, ಪಿನ್ನು ತೂರಿಸಿ, ಅದರ ಎರಡು ಕಾಲನ್ನೂ ಬಗ್ಗಿಸಬೇಕು. ಸಡಿಲವಾದರೆ ಗಾಡಿ ಅಲ್ಲಾಡುತ್ತದೆ. ಬಿಗಿಯಾದರೆ ಅದಕ್ಕಿಂತ ಕೆಟ್ಟದ್ದು: ತಿರುವಿನಲ್ಲಿ ತಿರುಗಿಸಿದ ಚಕ್ರ ವಾಪಸು ಬರುವುದಿಲ್ಲ.

ಅಪ್ಪನ ಬೆರಳಿಗೆ ಆ ತಳ ಮುಟ್ಟಿದ್ದು ತಿಳಿಯುವುದು ನಿಂತುಹೋಗಿತ್ತು. ಮೊದಲು ಒಂದು ಜೀಪು ವಾಪಸು ಬಂತು, ಆಮೇಲೆ ಇನ್ನೊಂದು. ಅಪ್ಪ ಬಟ್ಟಲು ಸರಿಯಿಲ್ಲ, ಮಾಲು ಕಳಪೆ ಎಂದು ರೇಗಾಡಿದ. ಮೂರನೆಯದು ಬಂದಾಗ ಡ್ರೈವರ್ ಹೋಗುವವರೆಗೆ ಕಾದು, ಅವ್ವ ಮಗ್ಗದ ಗುಂಡಿಯಿಂದ ಎದ್ದು ಶೆಡ್ಡಿಗೆ ಹೋದಳು. ನಾನೂ ಹಿಂದೆ ಹೋದೆ.

'ಸರೀರಿ ಅತ್ಲಾಗೆ. ಎಲ್ಲಿ ಬಿಗಿ ಮಾಡ್ಬೇಕು ತೋರ್ಸಿ.'

'ಇದೇನು ಸೀರೆ ಅಂದ್ಕೊಂಡಾ?'

'ಹಾಸು ಎಷ್ಟು ಬಿಗಿ ಅದೆ ಅಂತ ಕಣ್ಮುಚ್ಕೊಂಡು ಏಳ್ತೀನಿ ನಾನು. ನೀವು ಏಳ್ತೀರಾ? ಸರೀರಿ ಅಂದ್ರೆ.'

ಅಪ್ಪ ಸರಿದ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಣಿತಾಟಿನ ಮೇಲೆ ಮಲಗಿ ಗಾಡಿಯ ಕೆಳಗೆ ಜರುಗಿದಳು. ಮೊದಲ ಸಲ ಅವಳೂ ಕೆಡಿಸಿದಳು. ನೇಯುವವರಿಗೆ ಸಡಿಲ ಎಂದರೆ ಮೈ ಉರಿಯುತ್ತದೆ. ಮಗ್ಗಕ್ಕೆ ಬಿಗಿದ ಹಾಸಿನ ಎಳೆ ಸಡಿಲವಾದರೆ ಸೀರೆ ಹಾಳು. ಹಾಗಾಗಿ ಮುಚ್ಚಳವನ್ನು ಕೊನೆಯವರೆಗೂ ಬಿಗಿದು, ಒಂದೆಳೆಯಷ್ಟೂ ಹಿಂದೆ ಬಿಡದೆ, ಪಿನ್ನು ಹಾಕಿ ಎದ್ದಳು. ಅಪ್ಪ ಸೀಟಿನ ಮೇಲೆ ಕೂತು ಎರಡು ತೋಳಿನಲ್ಲೂ ಜಗ್ಗಿದರೂ ಸ್ಟೇರಿಂಗು ಮಿಸುಕಲಿಲ್ಲ. ಅಪ್ಪ ಆಗ ನಕ್ಕ. ಆ ವರ್ಷ ಅವನು ನಕ್ಕದ್ದು ಅದೊಂದೇ ಸಲ ಎಂದು ನನ್ನ ನೆನಪು.

'ಅರ್ಧ ಸುತ್ತು ವಾಪಸ್ ಬಿಡು ಕಣೆ. ಅದಕ್ಕೂ ಉಸ್ರಾಡಕೆ ಜಾಗ ಬ್ಯಾಡ್ವಾ?'

ಅವ್ವ ಕಲಿತಳು. ಕಷ್ಟ ಬಂದದ್ದು ದಿನ ಹೊಂದಿಸುವುದರಲ್ಲಿ. ಹಾಸು ಹೊಕ್ಕು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಸಾಹುಕಾರರು ವಾಯಿದೆ ತಪ್ಪಿದರೆ ಸುಮ್ಮನಿರುತ್ತಿರಲಿಲ್ಲ. ಗ್ರೀಸು ಹತ್ತಿದ ಕೈಯಲ್ಲಿ ಅವತ್ತು ಮತ್ತೆ ರೇಷ್ಮೆ ಮುಟ್ಟುವ ಹಾಗೂ ಇಲ್ಲ, ಹಾಗಾಗಿ ಅವ್ವ ನಡುವೆ ಮಗ್ಗ ಬಿಟ್ಟೇಳುವಂತಿರಲಿಲ್ಲ. ನಮ್ಮವರು ಮಗ್ಗ ಮುಟ್ಟದ ದಿನ ಅಮಾವಾಸ್ಯೆ ಒಂದೇ. ಆ ದಿನ ಬೀದಿಗೆ ಬೀದಿಯೇ ಸದ್ದಿಲ್ಲದೆ ಬಿದ್ದಿರುತ್ತಿತ್ತು. ಸ್ಟೇರಿಂಗಿನ ಗಾಡಿ ಬಂದರೆ ಅಪ್ಪ ಹಳೆಯದನ್ನು ಬಿಚ್ಚಿ, ತೊಳೆದು, ಹೊಸದು ಕೂರಿಸಿ ಇಟ್ಟಿರುತ್ತಿದ್ದ, ಬಿಗಿಮಾಡುವುದಷ್ಟೇ ಅಮಾವಾಸ್ಯೆಗೆ. ಆ ದಿನ ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಅಗುಳಿ. ನಾನು ಬಾಗಿಲ ಬಳಿ ಕೂತು ಯಾರಾದರೂ ಬಂದರೆ ಕೆಮ್ಮಬೇಕು. ಡ್ರೈವರುಗಳು ಇದಕ್ಕೆ ತಮ್ಮದೇ ಕಥೆ ಕಟ್ಟಿಕೊಂಡರು. ಚೌಡಯ್ಯನಿಗೆ ಅಮ್ಮನವರ ವ್ರತ ಇದೆಯಂತೆ, ಅಮಾವಾಸ್ಯೆ ದಿನ ಪೂಜೆ ಮಾಡಿ ಮಂತ್ರ ಹಾಕಿ ಪಿನ್ನು ಹಾಕುತ್ತಾನಂತೆ, ಅದಕ್ಕೇ ಅವನ ಜಾಯಿಂಟು ಬಿಚ್ಚುವುದಿಲ್ಲವಂತೆ. ಅಪ್ಪನ ಹೆಸರು ಮೊದಲಿಗಿಂತ ದೊಡ್ಡದಾಯಿತು. ಆ ಹೆಸರೇ ಅವನನ್ನು ಒಳಗೊಳಗೆ ತಿನ್ನುತ್ತಿತ್ತು ಎಂದು ಈಗ ಅರ್ಥವಾಗುತ್ತದೆ. ಹೊಗಳಿಸಿಕೊಂಡ ದಿನವೆಲ್ಲ ಮನೆಯಲ್ಲಿ ಜಗಳ.

'ಆಸ್ಪತ್ರೆಗೆ ತೋರ್ಸಿ ಅಂತ ಎಷ್ಟು ಸಲ ಏಳ್ಲಿ? ಬೆನ್ನ ಮೇಲಿರೋ ಬಿಳೀ ಮಚ್ಚೇನೂ ತೋರ್ಸಿ.'

'ತೋರ್ಸುದ್ರೆ ಏನಾಯ್ತದೆ ಗೊತ್ತಾ? ಒಬ್ಬ ಗಾಡಿ ತರಲ್ಲ. ಸಾವ್ಕಾರ ನಿಂಗೆ ಒಂದೆಳೆ ರೇಷ್ಮೆ ಕೊಡಲ್ಲ, ಈ ಮನೇಲಿ ನೇಯ್ದ ಸೀರೆ ಯಾರು ಉಡ್ತಾರೆ ಅಂತಾನೆ. ಈ ಕೂಸಿನ ಮದ್ವೆ?'

ಕೂಸು ಎಂದರೆ ನಾನು. ರೋಗದ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ದೊಡ್ಡ ರೋಗ ಎಂದು ಬೀದಿಯವರು ಪಿಸುಗುಟ್ಟುವುದನ್ನು ಬೇರೆ ಯಾರದೋ ವಿಷಯದಲ್ಲಿ ಕೇಳಿದ್ದೆ. ಅದು ನಮ್ಮ ಮನೆಯಲ್ಲೇ ಊಟಕ್ಕೆ ಕೂರುತ್ತಿದೆ ಎಂದು ನನಗೆ ಯಾರೂ ಹೇಳಲಿಲ್ಲ, ಹೇಳದೆಯೇ ತಿಳಿದಿತ್ತು. ಬಾಯಿಗೆ ಬೀಗ ಹಾಕಿಕೊಂಡಿರುವುದನ್ನು ನಾನು ಓದುಬರಹಕ್ಕಿಂತ ಚೆನ್ನಾಗಿ ಕಲಿತೆ.

ಶಾಗ್ಯ ಎಂಬ ಹಳ್ಳಿಯ ಮಾದೇವ ಕೌದಳ್ಳಿಯ ಅಂಗಡಿಯವರೊಬ್ಬರ ಪಿಕಪ್ಪು ಓಡಿಸುತ್ತಿದ್ದ. ಮೂವತ್ತು ತುಂಬದ, ನಗುಮುಖದ ಆಳು. ಅಪ್ಪನಿಗೆ ಅವನು ತಮ್ಮನಿಗಿಂತ ಹೆಚ್ಚು. ಬಂದಾಗಲೆಲ್ಲ ನನಗೆ ಸೀಬೆಹಣ್ಣೋ ಹುರಿಗಡಲೆಯೋ ತರುತ್ತಿದ್ದ. ಶೆಡ್ಡಿನಿಂದಲೇ 'ಅಕ್ಕೋ, ನೀರು!' ಎಂದು ಕೂಗಿ ಅವ್ವನ ಲಾಳಿಯನ್ನು ನಿಲ್ಲಿಸುತ್ತಿದ್ದ. ಒಂದು ಅಮಾವಾಸ್ಯೆಯ ಹಿಂದಿನ ದಿನ, ಬಿಸಿಲು ನೆತ್ತಿಗೆ ಬರುವ ಮುಂಚೆ, ಅವನು ಗಾಡಿಯನ್ನು ಅಡ್ಡಾದಿಡ್ಡಿ ಓಡಿಸುತ್ತಾ ತಂದು ನಿಲ್ಲಿಸಿದ. ಬಾಲ್ ಜಾಯಿಂಟು ಪೂರ್ತಿ ಹೋಗಿತ್ತು.

'ಬಿಟ್ಟೋಗು. ನಾಳಿದ್ದು ಬಾ,' ಎಂದ ಅಪ್ಪ.

'ಅಯ್ಯೋ ಚೌಡಣ್ಣ, ನಾಳೀಕೆ ಅಮಾಸೆ. ಬೆಟ್ಟದ ದೇವ್ರಿಗೆ ಜನ ಒತ್ಕಂಡು ಓಗ್ಬೇಕು. ಇವತ್ತು ಗಾಡಿ ಇಲ್ದೆ ಬಂದ್ರೆ ನೀನೂ ಬರ್ಬ್ಯಾಡ ಅಂದವ್ರೆ ಯಜಮಾನ್ರು. ಇಲ್ಲೇ ಕುಂತಿರ್ತೀನಿ, ಮಾಡ್ಕೊಡು.'

ಹೇಳಿದಂತೆಯೇ ಶೆಡ್ಡಿನ ಕಂಬಕ್ಕೆ ಒರಗಿ ಕೂತ. ಅದೇ ತೊಡಕಾಯಿತು. ಗಾಡಿ ಬಿಟ್ಟುಹೋಗಿದ್ದರೆ ಸೀರೆಯ ವಾಯಿದೆ ಏನಾದರಾಗಲಿ, ಅವ್ವ ಹತ್ತು ನಿಮಿಷ ಎದ್ದು ಬರುತ್ತಿದ್ದಳು. ಮಾದೇವ ಕೂತಿರುವಾಗ ಒಬ್ಬ ಹೆಂಗಸು ಬಂದು ಗಾಡಿಯ ಕೆಳಗೆ ಮಲಗಿದರೆ, ಯಾಕೆ ಎಂದು ಅವನು ಕೇಳದೆ ಇರುತ್ತಾನೆಯೇ? ಅಪ್ಪ ಹಳೆಯದನ್ನು ಬಿಚ್ಚಿ ಹೊಸದು ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವ್ವ ಒಂದು ಉಪಾಯ ಮಾಡಿದಳು. ಮಾದೇವನನ್ನು ಊಟಕ್ಕೆ ಒಳಗೆ ಕರೆದು, ನಡುಮನೆಯಲ್ಲಿ ಶೆಡ್ಡಿಗೆ ಬೆನ್ನು ಮಾಡಿ ಕೂರಿಸಿದಳು. ಮುದ್ದೆ ಬಡಿಸಿ, ನನ್ನನ್ನು ಅಡುಗೆಮನೆಗೆ ಎಳೆದು ಕಿವಿಯಲ್ಲಿ ಹೇಳಿದಳು.

'ಓಗಿ ಅಪ್ಪುನ್ನ ಕೇಳು, ಅವ್ವ ಬರ್ಬೇಕಾ ಅಂತ. ಬಾ ಅಂದ್ರೆ ಇವನಿಗೆ ನೀನು ಬಡಿಸ್ತಾ ಇರು, ಏಳಾಕೆ ಬಿಡ್ಬ್ಯಾಡ.'

ನಾನು ಹೋದೆ. ಅಪ್ಪ ಗಾಡಿಯ ಕೆಳಗಿದ್ದ. ಬಗ್ಗಿ ಕೇಳಿದೆ. ಸ್ಕ್ರೂಡ್ರೈವರನ್ನು ಎರಡು ಕೈಯಲ್ಲೂ ಹಿಡಿದಿದ್ದ. ಕಿರುಬೆರಳಿನ ಸುಟ್ಟ ಕಲೆ ಹುಣ್ಣಾಗಿ ಅದಕ್ಕೆ ಬಟ್ಟೆ ಸುತ್ತಿತ್ತು.

'ಬ್ಯಾಡ ಅನ್ನು. ನನ್ನ ಕೆಲಸ ನಂಗೆ ಬತ್ತದೆ ಅನ್ನು.'

ಅಂದು, ಮುಚ್ಚಳವನ್ನು ಬಿಗಿಮಾಡಿದ. ಅದು ತಳ ಮುಟ್ಟಿ ನಿಂತದ್ದು ನನಗೆ ಕಾಣಿಸಿತು. ಅವನ ತೋಳಿನ ನರ ಉಬ್ಬಿತ್ತು. ಪಿನ್ನಿನ ತೂತು ಇನ್ನೂ ಕೂಡಿರಲಿಲ್ಲ. ಅವ್ವ ಯಾವಾಗಲೂ ಅಲ್ಲಿಂದ ಹಿಂದಕ್ಕೆ ತಿರುಗಿಸಿ ತೂತು ಹುಡುಕುತ್ತಿದ್ದಳು. ಅಪ್ಪ ಹಲ್ಲು ಕಚ್ಚಿ, ಮುಂದಕ್ಕೇ ಜಗ್ಗಿ ಹುಡುಕಿದ. ತೂತು ಸಿಕ್ಕಿತು. ಪಿನ್ನು ಹಾಕಿದ. ಹೀಗಲ್ಲ, ಹಿಂದಕ್ಕೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹತ್ತು ವರ್ಷದ ಹುಡುಗಿ, ಇಡೀ ಸೀಮೆಗೆ ಹೆಸರಾದ ಅಪ್ಪನಿಗೆ ಹೇಗೆ ಹೇಳುವುದು? ಹೆದರಿಕೆ ಒಂದೇ ಅಲ್ಲ. ಅವನಿಗೆ ಬರುತ್ತದೆ, ಅವನ ಕೈ ಸರಿಯಾಗಿದೆ ಎಂದು ನಂಬುವ ಆಸೆ ನನಗೆ ಅವನಿಗಿಂತ ಹೆಚ್ಚಾಗಿತ್ತು.

ಅಡುಗೆಮನೆಯಲ್ಲಿ ಅವ್ವ ಸೌಟು ಹಿಡಿದು ಕಾಯುತ್ತಿದ್ದಳು.

'ವಾಪಸ್ ತಿರುಗ್ಸುದ್ರಾ? ನೀನೇ ನೋಡ್ದಾ?'

'ಹೂಂ,' ಎಂದೆ. 'ಅರ್ಧ ಸುತ್ತು.'

ಮಾದೇವ ಕೈ ತೊಳೆದು, ಗಾಡಿ ಹತ್ತಿ, ಓಣಿಯ ಕೊನೆಯವರೆಗೆ ಹೋಗಿ ಬಂದ. ಒಂದು ಕೈಯಲ್ಲಿ ತಿರುಗಿಸುತ್ತಿದ್ದವನು ಎರಡು ಕೈ ಹಾಕಿದ್ದ.

'ಯಾಕೋ ಬಿಗಿ ಅದೆಯಲ್ಲಣ್ಣ.'

'ಹೊಸದು ಕಣ್ಲಾ. ಓಡ್ತಾ ಓಡ್ತಾ ಸಡ್ಲ ಆಯ್ತದೆ.'

'ನೀನಂದ್ಮೇಲೆ ಸರಿ ಬುಡು.' ನನ್ನ ಜಡೆ ಎಳೆದು, 'ಓಯ್ತೀನಿ ಕೂಸೇ' ಎಂದು ಹೊರಟುಹೋದ.

ಮರುದಿನ ಬೀದಿಯಲ್ಲಿ ಮಗ್ಗದ ಸದ್ದಿರಲಿಲ್ಲ. ಹಾಗಾಗಿ ಓಣಿಯಲ್ಲಿ ಯಾರೋ ಓಡಿಬಂದ ಸದ್ದು ಚೆನ್ನಾಗಿ ಕೇಳಿಸಿತು. ಕೌದಳ್ಳಿ ದಾಟಿದ ಮೇಲೆ ಬೆಟ್ಟದ ರಸ್ತೆಯ ಒಂದು ತಿರುವಿನಲ್ಲಿ ಪಿಕಪ್ಪು ತಿರುಗಿದ್ದು ತಿರುಗಿದಂತೆಯೇ ಹೋಗಿ ಹಳ್ಳಕ್ಕೆ ಮಗುಚಿತ್ತು. ಹಿಂದೆ ಕೂತಿದ್ದವರಲ್ಲಿ ಕೆಲವರಿಗೆ ಕೈಕಾಲು ಮುರಿದಿತ್ತು. ಮಾದೇವ ಸ್ಟೇರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡಿದ್ದ. ಈಚೆಗೆ ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು. ಸುದ್ದಿ ತಂದವನು ಅಪ್ಪನನ್ನು ಬೈಯಲು ಬಂದವನಲ್ಲ, ಸಮಾಧಾನ ಹೇಳಲು ಬಂದವನು. ಬ್ರೇಕು ಹೋಗಿತ್ತಂತೆ ಎಂದ. ಜನ ಹೆಚ್ಚು ಹತ್ತಿಸಿದ್ದನಂತೆ ಎಂದ. ಗಾಡಿಯ ಮುಂಭಾಗ ನುಜ್ಜುಗುಜ್ಜಾಗಿದ್ದರಿಂದ ಯಾವುದು ಮೊದಲು ಹಾಳಾಯಿತು ಎಂದು ಯಾರಿಗೂ ಹೇಳಲಾಗಲಿಲ್ಲ. ಪೊಲೀಸರೂ ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಅವ್ವ ಮಾತ್ರ ನನ್ನ ಕಡೆ ನೋಡಿದಳು. ಆ ನೋಟಕ್ಕೆ ನಾನು ಹೊಟ್ಟೆನೋವು ಎಂದು ಕಂಬಳಿಯೊಳಗೆ ಸೇರಿದೆ. ಅವಳು ಏನನ್ನೂ ಕೇಳಲಿಲ್ಲ. ಸಾಯುವವರೆಗೂ ಕೇಳಲಿಲ್ಲ.

ಆಮೇಲೆ ನಮ್ಮ ಮನೆಗೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅಪ್ಪ ತಿಂಗಳೊಳಗೆ ಶೆಡ್ಡಿಗೆ ಬೀಗ ಹಾಕಿ, ತಾನಾಗಿಯೇ ಆಸ್ಪತ್ರೆಗೆ ಹೋದ. ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿ, ಕಣ್ಣು ಮುಚ್ಚಿಕೊಂಡು ಹೇಳು ಎಂದರಂತೆ. ಅಪ್ಪ ಯಾವಾಗ ಚುಚ್ಚುತ್ತೀರಿ ಎಂದು ಕೇಳಿದನಂತೆ. ವರ್ಷಗಟ್ಟಲೆ ಮಾತ್ರೆ ನುಂಗಿದ. ರೋಗ ನಿಂತಿತು, ಮುದುರಿದ ಬೆರಳು ಬಿಚ್ಚಲಿಲ್ಲ. ಅವನು ಹೆದರಿದ್ದೆಲ್ಲವೂ ಆಯಿತು. ಸಾಹುಕಾರರು ಹಾಸು ಕೊಡುವುದನ್ನು ನಿಲ್ಲಿಸಿದರು. ನಾನು ನೀರಿಗೆ ಹೋದರೆ ನಲ್ಲಿಯ ಸುತ್ತ ಇದ್ದ ಹೆಂಗಸರು ಕೊಡ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದರು. ಅವ್ವ ಮಗ್ಗ ಬಿಟ್ಟು ಹತ್ತಿರದ ಹಳ್ಳಿಗಳ ಹೊಲಗಳಿಗೆ ಕಳೆ ಕೀಳಲು ಹೋದಳು. ರೇಷ್ಮೆ ಹಿಡಿದ ಕೈ ಮಣ್ಣಿಗೆ ಒಗ್ಗಲು ಬಹಳ ದಿನ ಬೇಕಾಯಿತು. ನನ್ನ ಮದುವೆ ತಡವಾಗಿ, ದೂರದ ಊರಿಗೆ ಆಯಿತು. ಇವನ್ನೆಲ್ಲ ನಾನು ತಡೆದುಕೊಂಡೆ. ತಡೆದುಕೊಳ್ಳಲಾಗದೆ ಇಷ್ಟು ವರ್ಷ ಹೊತ್ತುಕೊಂಡು ಬಂದಿರುವುದು ಶಾಗ್ಯದ ಒಂದು ಬೆಳಿಗ್ಗೆಯನ್ನು.

ಮಾದೇವನ ತಿಥಿ ಕಳೆದ ಮೇಲೆ ಅವನ ಹೆಂಡತಿಗೆ ಇದ್ದದ್ದನ್ನು ಇದ್ದಂತೆ ಹೇಳಿಬರುತ್ತೇನೆ ಎಂದ ಅಪ್ಪ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

'ಏಳುದ್ರೆ ಅವ್ನು ಎದ್ದು ಬಂದಾನಾ? ನಮ್ಮಕ್ಳ ಗತಿ ಏನು?'

'ಅವಳು ನಂಗೆ ಕೈ ಮುಗೀತಾ ಅವ್ಳಂತೆ ಕಣೆ. ಚೌಡಣ್ಣ ಸರಿಯಾಗೇ ಮಾಡ್ಕೊಟ್ಟಿದ್ರು, ನಮ್ಮ ಅಣೆಬರಾನೇ ಸರಿ ಇಲ್ಲ ಅಂತ ಎಲ್ರ ಮುಂದೂ ಏಳ್ತಾ ಅವ್ಳಂತೆ. ಅದನ್ನ ಕೇಳ್ಕೊಂಡು ನಾನು ಅನ್ನ ತಿನ್ಲಾ?'

ಅವ್ವ ಅಡ್ಡ ನಿಂತದ್ದನ್ನು ಬಿಡಲಿಲ್ಲ, ಆದರೆ ಅಳತೊಡಗಿದಳು. ಅಪ್ಪ ಪಕ್ಕದಲ್ಲಿ ನುಸುಳಿ ಹೊರಟ. ಒಬ್ಬನೇ ಹೋಗಿ ಏನಾದರೂ ಮಾಡಿಕೊಂಡಾನು ಎಂದು ಅವ್ವ ನನ್ನನ್ನು ಹಿಂದೆ ಓಡಿಸಿದಳು. ಹನೂರಿನವರೆಗೆ ಬಸ್ಸು, ಅಲ್ಲಿಂದ ನಡಿಗೆ. ಅಪ್ಪ ಮುಂದೆ ಮುಂದೆ ನಡೆದ. ಹಿಂದೆ ನಾನು ಮನಸ್ಸಿನಲ್ಲೇ ಒಂದೇ ವಾಕ್ಯವನ್ನು ಜೋಡಿಸಿಕೊಳ್ಳುತ್ತಿದ್ದೆ: ಅಪ್ಪ, ನಾನು ನೋಡಿದ್ದೆ, ನೋಡಿಯೂ ಅವ್ವನಿಗೆ ಸುಳ್ಳು ಹೇಳಿದೆ. ಒಂದು ಹುಣಸೆಮರ ಬಂದರೆ ಅಲ್ಲಿ ಹೇಳೋಣ ಎಂದುಕೊಳ್ಳುವೆ. ಮರ ದಾಟಿದ ಮೇಲೆ ಮುಂದಿನ ಮರಕ್ಕೆ ಎಂದುಕೊಳ್ಳುವೆ. ಹಾಗೆಯೇ ಊರು ಬಂತು.

ಮಾದೇವನ ಹೆಂಡತಿ ಸಿದ್ದಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಬರಿ ಹಣೆ, ಬರಿ ಕೈ. ಇನ್ನೂ ಇಪ್ಪತ್ತೈದು ಆಗಿರಲಿಕ್ಕಿಲ್ಲ. ನಮ್ಮನ್ನು ಕಂಡು ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು. ಅಪ್ಪ ಚಾಪೆಯ ಮೇಲೆ ಕೂರಲಿಲ್ಲ. ಅಂಗಳದ ನೆಲದ ಮೇಲೇ ಕೂತು, ಕಿರುಬೆರಳಿನ ಬಟ್ಟೆ ಬಿಚ್ಚಿ, ಕೈಯನ್ನು ಅವಳ ಮುಂದೆ ಚಾಚಿದ.

'ಈ ಕೈಯಿಗೆ ಗ್ಯಾನ ಇಲ್ಲ ಕಣವ್ವ. ಬಿಸಿ ಗೊತ್ತಾಗಲ್ಲ, ತಣ್ಣಗೆ ಗೊತ್ತಾಗಲ್ಲ. ಬಿಗಿ ಗೊತ್ತಾಗಲ್ಲ. ಇದ್ರಲ್ಲೇ ನಿನ್ನ ಗಂಡುನ್ ಗಾಡಿ ಬಿಗ್ದೆ. ಬಿಗಿ ಜಾಸ್ತಿ ಅದೆ ಅಂತ ಅವ್ನೇ ಅಂದ. ನಾನು ಒಪ್ಲಿಲ್ಲ.'

ಸಿದ್ದಮ್ಮ ಕೈಯನ್ನು ನೋಡಿದಳು. ಹಿಂದೆ ಸರಿಯಲಿಲ್ಲ. ಒಳಗೆ ಒಂದು ಮಗು ಅತ್ತು, ತಾನೇ ಸುಮ್ಮನಾಯಿತು.

'ಕೈ ಇಂಗೈತೆ ಅಂತ ಮೊದ್ಲೇ ಗೊತ್ತಿತ್ತಾ?'

'ಗೊತ್ತಿತ್ತವ್ವ.'

'ಅಕ್ಕಂಗೆ?'

'ಗೊತ್ತಿತ್ತು.'

ಅವಳು ನನ್ನ ಕಡೆ ತಿರುಗಿದಳು. ಅವತ್ತು ಮಾದೇವ ಬೆಟ್ಟಕ್ಕೆ ಹೊರಡುವ ಮುಂಚೆ ನಮ್ಮ ಮನೆಯ ಊಟದ ಹೊತ್ತಿನ ಪಿಸುಮಾತಿನ ವಿಷಯ ಹೇಳಿದ್ದನೋ ಏನೋ. ಅವಳ ಕಣ್ಣು ನನ್ನಲ್ಲಿ ಏನನ್ನೋ ಹುಡುಕುತ್ತಿತ್ತು.

'ಈ ಕೂಸಿಗೂ ಗೊತ್ತಿತ್ತಾ?'

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯ ಬಾಯಿಯಲ್ಲೇ ಇತ್ತು. ನಾನು ಬಾಯಿ ತೆರೆಯುವಷ್ಟು ಸಮಯವನ್ನು ಅಪ್ಪ ಕೊಟ್ಟ. ಕೊಟ್ಟ ಎಂದೇ ನನಗೆ ಈಗಲೂ ಅನಿಸುತ್ತದೆ. ನಾನು ತೆರೆಯಲಿಲ್ಲ.

'ಇಲ್ಲ ಕಣವ್ವ,' ಎಂದ ಅಪ್ಪ. 'ಅದು ಮಗು. ಅದಕ್ಕೇನೂ ಗೊತ್ತಿಲ್ಲ.'

ಸಿದ್ದಮ್ಮ ಎದ್ದು ಒಳಗೆ ಹೋದಳು. ಅಪ್ಪನನ್ನು ಏಳು ಎಂದೂ ಅನ್ನಲಿಲ್ಲ. ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಅಚ್ಚು ಬೆಲ್ಲವಿತ್ತು.

'ಎಷ್ಟು ದೂರ ನಡ್ದಿದೀಯಮ್ಮಿ, ತಕೋ,' ಎಂದು ನನ್ನ ತಲೆ ಸವರಿದಳು.

ನಾನು ತೆಗೆದುಕೊಂಡೆ. ಅವಳು ನೋಡುತ್ತಿದ್ದಳು, ಅಪ್ಪ ನೋಡುತ್ತಿದ್ದ. ಅಲ್ಲೇ ನಿಂತು ಪೂರ್ತಿ ತಿಂದೆ.